ಒಂದು ಮಗು, ಏಳು ಕಚೇರಿ: ಕಡತವನ್ನು ಯಾರು ಹೊರಬೇಕು?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದವರು. ಮಗನಿಗೆ 13 ವರ್ಷ, ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ. ಐದು ವರ್ಷವಿದ್ದಾಗ ಆಟಿಸಂ ಎಂದರು, ಒಂಬತ್ತರಲ್ಲಿ ಫಿಟ್ಸ್ ಶುರುವಾಯಿತು. ಕಳೆದ ಒಂದು ವರ್ಷದಿಂದ ಸಿಟ್ಟು ಬಂದರೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ, ತಂಗಿಗೆ ಹೊಡೆಯುತ್ತಾನೆ. ‘ನಾನು ಸಾಯುತ್ತೇನೆ’ ಎಂದು ಎರಡು ಸಲ ಹೇಳಿದ್ದಾನೆ. ಫಿಟ್ಸಿಗೆ ಮಂಗಳೂರಿನಲ್ಲಿ ಒಬ್ಬ ಡಾಕ್ಟರು, ಸಿಟ್ಟಿಗೆ ಇನ್ನೊಬ್ಬರು. ಶಾಲೆಯವರು ಸ್ವಲ್ಪ ದಿನ ಮನೆಯಲ್ಲಿರಲಿ ಎಂದಿದ್ದಾರೆ. ಪಿಂಚಣಿಗೆ ಪಂಚಾಯತಿಗೆ ಹೋದರೆ ಮೆಡಿಕಲ್ ಬೋರ್ಡಿನ ಸರ್ಟಿಫಿಕೇಟ್ ತನ್ನಿ ಎನ್ನುತ್ತಾರೆ. ಅದಕ್ಕಾಗಿ ಪರೀಕ್ಷೆ ಮಾಡಿದವರು ಮಲಯಾಳದಲ್ಲಿ ಕೇಳಿದರು, ಅವನು ಬಾಯಿ ಬಿಡಲಿಲ್ಲ. ಎಂಡೋಸಲ್ಫಾನ್ ಕೀಟನಾಶಕದ ಬಾಧಿತರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಶಿಶು ಕಲ್ಯಾಣ ಸಮಿತಿಗೆ ಹೋಗಿ ಎಂದು ಒಬ್ಬರು, ಹೋದರೆ ಮಗುವನ್ನೇ ಕರೆದುಕೊಂಡು ಹೋಗುತ್ತಾರೆ ಎಂದು ಇನ್ನೊಬ್ಬರು. ಇವರೆಲ್ಲ ಒಮ್ಮೆ ಒಟ್ಟಿಗೆ ಕುಳಿತು ಮಾತಾಡುವ ಹಾಗೆ ಮಾಡುವುದು ಹೇಗೆ?

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯಕ್ಕೆ ಉತ್ತರ ಹೇಳುವ ಮೊದಲು ನಡುವಿನ ಒಂದು ವಾಕ್ಯವನ್ನು ಎತ್ತಿಕೊಳ್ಳುತ್ತೇನೆ. ಮಗ ಸಾಯುವ ಮಾತನ್ನು ಎರಡು ಸಲ ಆಡಿದ್ದಾನೆ. ಆಟಿಸಂ ಇರುವ ಮಕ್ಕಳು ಕೇಳಿದ ಮಾತನ್ನು ಹಾಗೆಯೇ ಮರಳಿ ನುಡಿಯುವುದುಂಟು ಎಂಬ ಸಮಾಧಾನವನ್ನು ಯಾರಾದರೂ ನಿಮಗೆ ಹೇಳಿರಬಹುದು. ಆ ಸಮಾಧಾನವನ್ನು ಸದ್ಯಕ್ಕೆ ಬದಿಗಿಡಿ. ಅಡಿಕೆ ತೋಟದ ಮನೆಗಳಲ್ಲಿ ಮೈಲುತುತ್ತು, ಕಳೆನಾಶಕ, ಇಲಿಪಾಷಾಣಗಳು ಕೊಟ್ಟಿಗೆಯ ಅಟ್ಟದಲ್ಲೋ ಪಂಪ್‌ಶೆಡ್ಡಿನಲ್ಲೋ ತೆರೆದೇ ಇರುತ್ತವೆ. ಇಂದೇ ಅವುಗಳನ್ನು ಬೀಗದೊಳಗೆ ಸೇರಿಸಿ, ಅವನ ಫಿಟ್ಸ್ ಮಾತ್ರೆಗಳನ್ನೂ ಬೇರೊಂದು ಬೀಗದೊಳಗೆ ಇಡಿ, ಬಾವಿಗೆ ಕಟ್ಟೆಯಿಲ್ಲದಿದ್ದರೆ ಬೇಲಿಯನ್ನಾದರೂ ಹಾಕಿಸಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಭಾಷೆಗಳಲ್ಲಿ ಕನ್ನಡವೂ ಒಂದು, ಆದ್ದರಿಂದ ಕರೆ ಮಾಡಿದಾಗ ಕನ್ನಡವನ್ನೇ ಕೇಳಿ. ಅವನು ಮತ್ತೆ ಹಾಗೆ ಹೇಳಿದರೆ ಅಥವಾ ಗಾಯ ಮಾಡಿಕೊಂಡರೆ ಯಾವ ಕಚೇರಿಯ ಅನುಮತಿಗೂ ಕಾಯದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

ಇನ್ನೊಂದು ವಿಷಯವೂ ಕಾಯಲು ಬರುವಂಥದ್ದಲ್ಲ. ನಾನು ವೈದ್ಯನಲ್ಲ, ಮನೋವೈದ್ಯಕೀಯ ಸಮಾಜಕಾರ್ಯಕರ್ತ. ಆದರೂ ಇಬ್ಬರು ವೈದ್ಯರು ಪರಸ್ಪರ ಮಾತನಾಡದಿದ್ದರೆ ಏನಾಗುತ್ತದೆ ಎಂಬುದನ್ನು ಬಹಳ ಸಲ ನೋಡಿದ್ದೇನೆ. ಫಿಟ್ಸಿಗೆ ಕೊಡುವ ಕೆಲವು ಔಷಧಿಗಳು, ಮುಖ್ಯವಾಗಿ ಲೆವೆಟಿರಾಸೆಟಮ್, ಕೆಲವು ಮಕ್ಕಳಲ್ಲಿ ಸಿಡುಕು, ಆಕ್ರಮಣ ಮತ್ತು ಖಿನ್ನತೆಯನ್ನು ಹೆಚ್ಚಿಸುತ್ತವೆ. ಹೀಗಾದಾಗ ಒಬ್ಬರು ಕೊಟ್ಟ ಮಾತ್ರೆಯ ಅಡ್ಡಪರಿಣಾಮಕ್ಕೆ ಇನ್ನೊಬ್ಬರು ಮತ್ತೊಂದು ಮಾತ್ರೆ ಬರೆಯುತ್ತಾರೆ, ಮಗುವಿನ ಚೀಲ ಭಾರವಾಗುತ್ತದೆ, ಸಿಟ್ಟು ಮಾತ್ರ ಹಾಗೆಯೇ ಉಳಿಯುತ್ತದೆ. ನಿಮ್ಮ ಮಗನಿಗೆ ಹೀಗೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಸಿಟ್ಟು ಯಾವ ತಿಂಗಳಲ್ಲಿ ಶುರುವಾಯಿತು, ಯಾವ ಔಷಧಿಯನ್ನು ಯಾವ ತಿಂಗಳಲ್ಲಿ ಬದಲಿಸಿದರು ಎಂಬ ಎರಡು ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಇಬ್ಬರು ವೈದ್ಯರ ಮುಂದೆಯೂ ಇಡಿ ಎನ್ನುತ್ತಿದ್ದೇನೆ, ಅಷ್ಟೆ. ನೀವಾಗಿಯೇ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡ, ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಿಡದೆ ಮರುಕಳಿಸುವ ಅಪಾಯವಿದೆ.

ಈಗ ಕಚೇರಿಗಳ ವಿಷಯಕ್ಕೆ ಬರೋಣ. ಆರೋಗ್ಯ, ಶಿಕ್ಷಣ, ಸಾಮಾಜಿಕ ನ್ಯಾಯ, ಮಹಿಳಾ ಮತ್ತು ಶಿಶು ಅಭಿವೃದ್ಧಿ, ಪಂಚಾಯತ್, ಕಂದಾಯ, ಕಾನೂನು ಸೇವೆ ಎಂದು ನಿಮ್ಮ ಮಗನಿಗೆ ಸಂಬಂಧಪಟ್ಟ ಏಳು ವ್ಯವಸ್ಥೆಗಳಿವೆ. ಇವುಗಳಲ್ಲಿ ಯಾವುದೂ ನಿಮಗೆ ಸುಳ್ಳು ಹೇಳಿಲ್ಲ. ಪ್ರತಿಯೊಬ್ಬರೂ ತಮ್ಮ ಪುಸ್ತಕದಲ್ಲಿ ಬರೆದಿರುವುದನ್ನೇ ಹೇಳಿದ್ದಾರೆ. ಕೇರಳದಲ್ಲಿ 2017ರಲ್ಲಿ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯು ಸಾಮಾಜಿಕ ನ್ಯಾಯ ಇಲಾಖೆಯಿಂದ ಬೇರೆಯಾದ ಮೇಲೆ ಅಂಗವಿಕಲತೆಯ ವಿಷಯ ಒಂದು ಕಡೆ, ಮಕ್ಕಳ ರಕ್ಷಣೆಯ ವಿಷಯ ಇನ್ನೊಂದು ಕಡೆ ಉಳಿಯಿತು. ಅಂಗವಿಕಲತೆಯೂ ಇದ್ದು ರಕ್ಷಣೆಯೂ ಬೇಕಾದ ಮಗುವಿನ ತಾಯಿ ಎರಡು ಮೆಟ್ಟಿಲನ್ನೂ ಹತ್ತಬೇಕಾಯಿತು. ಇವುಗಳನ್ನು ಜೋಡಿಸುವ ಕೆಲಸವನ್ನು ಯಾವ ಆದೇಶವೂ ನಿಮಗೆ ವಹಿಸಿಲ್ಲ, ಆದರೂ ಅದು ನಿಮ್ಮ ತಲೆಯ ಮೇಲೆಯೇ ಬಿದ್ದಿದೆ. ಅಮೆರಿಕದಲ್ಲಿ ಇದೇ ತೊಂದರೆಯನ್ನು ಗುರುತಿಸಿ 1984ರಲ್ಲಿ ಅಲ್ಲಿನ ಕೇಂದ್ರ ಸರಕಾರವು ಮಕ್ಕಳ ಮಾನಸಿಕ ಆರೋಗ್ಯಕ್ಕಾಗಿ ಇಲಾಖೆಗಳನ್ನು ಬೆಸೆಯುವ ಕಾರ್ಯಕ್ರಮವೊಂದನ್ನು ಆರಂಭಿಸಿತು. ಒಂದು ಮಗುವಿಗೆ ಒಂದು ತಂಡ, ಒಂದು ಯೋಜನೆ, ಹೆಸರಿಟ್ಟು ಹೇಳಬಹುದಾದ ಒಬ್ಬ ಸಂಯೋಜಕ ಎಂಬ ಪದ್ಧತಿ ಅಲ್ಲಿ ಆ ಕಾಲದಲ್ಲಿ ಬೆಳೆಯಿತು. ನಮ್ಮ ಜಿಲ್ಲೆಯಲ್ಲಿ ಆ ಹೆಸರಿನ ಹುದ್ದೆ ಇಲ್ಲ. ಆದರೆ ಆ ಹುದ್ದೆಯ ಕೆಲಸವನ್ನು ಒಬ್ಬರಿಂದ ಕೇಳಿ ಪಡೆಯಲು ಕಾನೂನಿನಲ್ಲಿ ಎಡೆಯಿದೆ.

ಆ ಎಡೆ ಇರುವುದು ಜಿಲ್ಲಾ ಶಿಶು ಸಂರಕ್ಷಣಾ ಘಟಕದಲ್ಲಿ. ಮಕ್ಕಳನ್ನು ಕದ್ದೊಯ್ದವರ, ಹೊಡೆದವರ ಪ್ರಕರಣಗಳನ್ನು ನೋಡುವ ಕಚೇರಿ ಎಂದು ಅದನ್ನು ನಮ್ಮ ಜನ ತಿಳಿದಿದ್ದಾರೆ. 2015ರ ಬಾಲನ್ಯಾಯ ಕಾಯ್ದೆ ಹೇಳುವ ‘ಆರೈಕೆ ಮತ್ತು ರಕ್ಷಣೆ ಬೇಕಾದ ಮಗು’ ಎಂಬ ವರ್ಗದಲ್ಲಿ ಮಾನಸಿಕ ಕಾಯಿಲೆಯೋ ಅಂಗವಿಕಲತೆಯೋ ಇದ್ದು ನೋಡಿಕೊಳ್ಳಲು ಶಕ್ತರಾದವರಿಲ್ಲದ ಮಕ್ಕಳೂ ಸೇರುತ್ತಾರೆ. ನಿಮ್ಮ ಮಗ ಆ ವರ್ಗದವನಲ್ಲ, ಅವನಿಗೆ ನೀವಿದ್ದೀರಿ. ಆದರೂ ಈ ಘಟಕವನ್ನೇ ನಾನು ಸೂಚಿಸುವುದಕ್ಕೆ ಕಾರಣವಿದೆ. ಉಳಿದ ಕಚೇರಿಗಳ ನಮೂನೆಗಳು ಮಗುವಿನ ಒಂದೊಂದು ತುಂಡನ್ನು ಮಾತ್ರ ಕೇಳುತ್ತವೆ. ಮೆಡಿಕಲ್ ಬೋರ್ಡಿಗೆ ಬೇಕಾಗಿರುವುದು ಅಂಗವಿಕಲತೆಯ ಶೇಕಡಾವಾರು, ಶಾಲೆಗೆ ಬೇಕಾಗಿರುವುದು ಹಾಜರಿ, ಪಂಚಾಯತಿಗೆ ಬೇಕಾಗಿರುವುದು ಆದಾಯ. ಬಾಲನ್ಯಾಯದ 2016ರ ಮಾದರಿ ನಿಯಮಗಳ ಏಳನೆಯ ನಮೂನೆಯಾದ ‘ವೈಯಕ್ತಿಕ ಆರೈಕೆ ಯೋಜನೆ’ ಹಾಗಲ್ಲ. ಅದು ಮಗುವಿನ ಆರೋಗ್ಯ, ಮಾನಸಿಕ ಬೆಂಬಲ, ಓದು, ಆಟ, ಸಂಬಂಧಗಳು, ಸ್ವಂತ ಕೆಲಸ ಮಾಡಿಕೊಳ್ಳುವ ಕಲಿಕೆ ಇವೆಲ್ಲವನ್ನೂ ಒಂದೇ ಕಾಗದದಲ್ಲಿ ಕೇಳುತ್ತದೆ. ಇಡೀ ಮಗುವನ್ನು ನೋಡುವ ಕಾಗದ ನನಗೆ ತಿಳಿದಂತೆ ಅದೊಂದೇ. ನಿಮ್ಮ ಮಗನಿಗಾಗಿ ಅಧಿಕೃತವಾಗಿ ಅದನ್ನು ತುಂಬಬೇಕೆಂಬ ನಿಯಮವಿಲ್ಲದಿದ್ದರೂ ಅದೇ ಮಾದರಿಯಲ್ಲಿ ಒಂದು ಯೋಜನೆ ಮಾಡಿಕೊಡಿ ಎಂದು ನೀವು ಕೇಳಬಹುದು.

ಮಗುವನ್ನು ಕರೆದುಕೊಂಡು ಹೋಗುತ್ತಾರೆ ಎಂಬ ನಿಮ್ಮ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಶಿಶು ಕಲ್ಯಾಣ ಸಮಿತಿಯೂ ಸಂರಕ್ಷಣಾ ಘಟಕವೂ ಒಂದೇ ಅಲ್ಲ ಎಂಬುದು ಮೊದಲು ಸ್ಪಷ್ಟವಾಗಲಿ. ಸಮಿತಿ ಎಂದರೆ ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು ಇರುವ, ಆದೇಶ ಹೊರಡಿಸುವ ಅಧಿಕಾರವುಳ್ಳ ಪೀಠ. ಘಟಕವೆಂದರೆ ಸಮಾಜಕಾರ್ಯಕರ್ತರು, ಆಪ್ತಸಮಾಲೋಚಕರು ಇರುವ ಕಚೇರಿ. ನೀವು ಹೋಗಬೇಕಾದದ್ದು ಎರಡನೆಯದಕ್ಕೆ. ಸಮಿತಿಯ ಮುಂದೆ ಹೋದರೂ ಮಗುವಿನ ಆರೈಕೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಎಂಬುದು ಆ ಕಾಯ್ದೆಯ ಮೂರನೆಯ ಕಲಮಿನ ತತ್ತ್ವ. ನನ್ನ ಅನುಭವದಲ್ಲಿ ಮಕ್ಕಳು ಮನೆಯಿಂದ ದೂರವಾಗುವುದು ತಾಯಂದಿರು ಬೇಗ ಸಹಾಯ ಕೇಳಿದ್ದರಿಂದಲ್ಲ, ಕೇಳದೆ ಸವೆದು ಸವೆದು ಒಂದು ದಿನ ‘ಇನ್ನು ನನ್ನಿಂದಾಗದು’ ಎಂದು ಕುಸಿದದ್ದರಿಂದ. ಘಟಕಕ್ಕೆ ಹೋದಾಗ ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜನೆಯ (ಸ್ಪಾನ್ಸರ್‌ಶಿಪ್) ಬಗ್ಗೆಯೂ ವಿಚಾರಿಸಿ. ಅದರಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಆದರೆ ಗ್ರಾಮಾಂತರದಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿಯನ್ನು ಮೀರಬಾರದು, ಬೇರೆ ಷರತ್ತುಗಳೂ ಇವೆ. ಅದನ್ನೇ ನಂಬಿ ಕೂರಬೇಡಿ.

ಒಟ್ಟಿಗೆ ಕೂರಿಸುವವರು ಯಾರು ಎಂಬ ನಿಮ್ಮ ಪ್ರಶ್ನೆಗೆ ನೇರ ಉತ್ತರ ಜಿಲ್ಲಾಧಿಕಾರಿ. ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿಯ ನಂತರ ಶಿಶು ಸಂರಕ್ಷಣಾ ಘಟಕವು ಜಿಲ್ಲಾ ಮ್ಯಾಜಿಸ್ಟ್ರೇಟರ, ಎಂದರೆ ಜಿಲ್ಲಾಧಿಕಾರಿಯ, ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ, ಬಹುವಿಧ ಅಂಗವಿಕಲತೆ ಇರುವವರಿಗಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯು ರಚಿಸಿರುವ ಸ್ಥಳೀಯ ಮಟ್ಟದ ಸಮಿತಿಯಲ್ಲಿಯೂ ಅದೇ ದರ್ಜೆಯ ಅಧಿಕಾರಿ ಇರಬೇಕು. ಎಂಡೋಸಲ್ಫಾನ್ ಪುನರ್ವಸತಿಯ ದೈನಂದಿನ ಕೆಲಸವೂ ವಿದ್ಯಾನಗರದ ಕಲೆಕ್ಟರೇಟಿನಿಂದಲೇ ನಡೆಯುತ್ತದೆ. ಎಂದರೆ ಮೇಜುಗಳು ಬೇರೆ ಬೇರೆ, ತಲೆದೆಸೆಯ ಕುರ್ಚಿ ಒಂದೇ.

ಎಂಡೋಸಲ್ಫಾನಿನ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ವಿಷ ಸುರಿದ ಜಿಲ್ಲೆ ಇದು. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ನಿಷೇಧಿಸಿತು, 2017ರ ಜನವರಿಯಲ್ಲಿ ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಆ ಹೋರಾಟದ ಒತ್ತಡದಿಂದ ನಮ್ಮ ಜಿಲ್ಲೆಯಲ್ಲಿ ಬೇರೆಡೆ ಕಾಣದ ಒಂದು ಸಂಗತಿ ನಡೆಯಿತು: ವೈದ್ಯರು, ಪಂಚಾಯತ್, ಕಂದಾಯ, ಸಾಮಾಜಿಕ ನ್ಯಾಯದವರು ಒಂದೇ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೇ ಸೆಲ್ಲಿನಲ್ಲಿ ಕುಳಿತರು. ಇಲಾಖೆಗಳು ಒಟ್ಟಿಗೆ ಕೂರಲಾರವು ಎಂಬ ಮಾತನ್ನು ಕಾಸರಗೋಡಿನಲ್ಲಿ ಯಾರೂ ಹೇಳುವಂತಿಲ್ಲ, ಕೂತದ್ದನ್ನು ನಾವು ಕಂಡಿದ್ದೇವೆ. ಆದರೆ ಆ ಮೇಜು ಪಟ್ಟಿಯ ಮೇಜು. ಹೆಸರಿದ್ದವರಿಗೆ ಎಲ್ಲ ಬಾಗಿಲುಗಳು ಸ್ವಲ್ಪವಾದರೂ ತೆರೆದವು. ಅದೇ ಗುಡ್ಡದ ಆಚೆ ಬದಿಯಲ್ಲಿ, ಅಷ್ಟೇ ಕಷ್ಟವಿರುವ, ಪಟ್ಟಿಯಲ್ಲಿಲ್ಲದ ಮಗುವಿಗೆ ಮೇಜೇ ಇಲ್ಲ. ನಿಮ್ಮ ಮಗನ ಹೆಸರನ್ನು ಪಟ್ಟಿಗೆ ಸೇರಿಸುವ ಹೋರಾಟದಲ್ಲಿ ಇನ್ನೂ ಮೂರು ವರ್ಷ ಕಳೆಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅವನಿಗೆ ಸಿಗಬೇಕಾದ ಬಹುಪಾಲು ಸೌಲಭ್ಯಗಳಿಗೆ ಕಾಯಿಲೆಯ ಕಾರಣ ಏನು ಎಂಬುದನ್ನು ಸಾಬೀತು ಮಾಡಬೇಕಾಗಿಲ್ಲ, ಕಷ್ಟ ಎಷ್ಟು ಎಂಬುದನ್ನು ದಾಖಲಿಸಿದರೆ ಸಾಕು.

ಆ ದಾಖಲೆಯೇ ಅಂಗವಿಕಲತೆಯ ಪ್ರಮಾಣಪತ್ರ, ಮತ್ತು ಇಲ್ಲಿಯೇ ಭಾಷೆ ಅಡ್ಡ ಬಂದಿದೆ. ಮನೆಯಲ್ಲಿ ತುಳುವನ್ನೋ ಹವ್ಯಕವನ್ನೋ ಆಡಿ, ಶಾಲೆಯಲ್ಲಿ ಕನ್ನಡ ಓದುವ ಮಗುವನ್ನು ಮಲಯಾಳದಲ್ಲಿ ಪ್ರಶ್ನಿಸಿದರೆ ಅಳತೆಗೆ ಸಿಗುವುದು ಮಗುವಿನ ಬುದ್ಧಿಯೋ ಪರೀಕ್ಷಕರ ಭಾಷೆಯೋ ಎಂದು ಹೇಳುವುದು ಕಷ್ಟ. ಅವನು ಬಾಯಿ ಬಿಡದಿದ್ದುದನ್ನು ‘ಸಹಕರಿಸಲಿಲ್ಲ’ ಎಂದು ಬರೆದರೆ ಪ್ರಮಾಣಪತ್ರ ಸಿಗದೆ ಹೋಗಬಹುದು. ‘ಉತ್ತರ ತಿಳಿಯದು’ ಎಂದು ಬರೆದರೆ ಇಲ್ಲದ ಬೌದ್ಧಿಕ ಅಂಗವಿಕಲತೆ ಅವನ ಹಣೆಗೆ ಅಂಟಬಹುದು, ಅದು ಇನ್ನೂ ಕೆಟ್ಟದ್ದು. ಬುದ್ಧಿಮಾಪನದ ಬಿನೆ-ಕಾಮತ್ ಪರೀಕ್ಷೆಯನ್ನು 1930ರ ದಶಕದಲ್ಲಿಯೇ ಕನ್ನಡಕ್ಕೂ ಮರಾಠಿಗೂ ಒಗ್ಗಿಸಿದ್ದಾರೆ. ಮಾತಿನ ಅಗತ್ಯವೇ ಹೆಚ್ಚಾಗಿ ಇಲ್ಲದ, ಬಣ್ಣದ ಆಕೃತಿಗಳನ್ನು ಜೋಡಿಸುವ ರೇವನ್ ಪರೀಕ್ಷೆಯೂ ಇದೆ. ಆಟಿಸಮ್ಮಿನ ಮಟ್ಟವನ್ನು ಅಳೆಯುವ ಭಾರತೀಯ ಮಾಪಕದ 40 ಅಂಶಗಳನ್ನು ಮಗುವನ್ನು ಗಮನಿಸಿ, ಹೆತ್ತವರನ್ನು ಕೇಳಿ ತುಂಬುತ್ತಾರೆ. ಹಾಗಿರುವಾಗ ನೀವು ಅರ್ಥ ಮಾಡಿಕೊಳ್ಳುವ ಭಾಷೆಯಲ್ಲಿ ನಿಮ್ಮನ್ನು ಕೇಳದೆ ಅದನ್ನು ಸರಿಯಾಗಿ ತುಂಬಲಾಗದು. ಆದ್ದರಿಂದ ಕನ್ನಡ ಅಥವಾ ತುಳು ಬಲ್ಲ ಮನಶ್ಶಾಸ್ತ್ರಜ್ಞರಿಂದ ಮರುಪರೀಕ್ಷೆ ಬೇಕೆಂದು ಲಿಖಿತವಾಗಿ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 22ನೆಯ ಕಲಮು ಚಿಕಿತ್ಸೆಯ ಮಾಹಿತಿಯನ್ನು ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿಯೇ ಕೊಡಬೇಕೆನ್ನುತ್ತದೆ. ಕೇರಳದ ಅಧಿಕೃತ ಭಾಷಾ ಶಾಸನವು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರಕ್ಕೆ ತಮ್ಮ ಭಾಷೆಯಲ್ಲಿ ಬರೆಯುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶ ಕೊಟ್ಟಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು 1996ರಿಂದ ದೇಶದಲ್ಲಿ ಹರಡಿದ ಯೋಜನೆಯ ಮಾದರಿಯನ್ನು ನಿಮ್ಹಾನ್ಸಿನವರು ಮೊದಲು ಪ್ರಯೋಗಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ, ಕನ್ನಡದಲ್ಲಿ. ಕನ್ನಡದ ಮಗುವೊಂದು ಪರೀಕ್ಷೆಯ ಕೋಣೆಯಲ್ಲಿ ಮೂಗನಾಗಿ ಕೂರುವಾಗ ನನಗೆ ಇದು ನೆನಪಾಗದೆ ಇರುವುದಿಲ್ಲ.

ಪ್ರಮಾಣಪತ್ರದಲ್ಲಿ 40 ಶೇಕಡಾ ಅಥವಾ ಹೆಚ್ಚು ಬಂದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಸಿಗುತ್ತದೆ. ವಿಕಲಚೇತನರ ರಾಷ್ಟ್ರೀಯ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಈ ಪ್ರಮಾಣಪತ್ರಕ್ಕೆ ದೇಶವಿಡೀ ಮಾನ್ಯತೆ ಇರುವುದರಿಂದ ಗಡಿಯ ತಲಪಾಡಿಯ ಆಚೆ, ಕರ್ನಾಟಕದಲ್ಲಿಯೂ ನಡೆಯುತ್ತದೆ. ಆಟಿಸಂ ಇರುವುದರಿಂದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಗೂ ದಾರಿಯಾಗುತ್ತದೆ. ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗಿನ ಆ ವಿಮೆಯಲ್ಲಿ ಥೆರಪಿಯ ಖರ್ಚಿಗೂ ಒಂದು ಪಾಲಿದೆ.

ಶಾಲೆಯ ವಿಷಯದಲ್ಲಿ ನಾನು ಅಷ್ಟೊಂದು ಮೃದುವಾಗಿ ಬರೆಯಲಾರೆ. ‘ಸ್ವಲ್ಪ ದಿನ ಮನೆಯಲ್ಲಿರಲಿ’ ಎಂಬುದು ಬಾಯಿಮಾತು, ಅದಕ್ಕೆ ದಿನಾಂಕವಿಲ್ಲ, ಸಹಿಯಿಲ್ಲ, ಕೊನೆಯೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಹೊರಹಾಕದೆ ಮನೆಯಲ್ಲಿರಿಸುವ ಉಪಾಯವನ್ನು ಆ ಕಾಯ್ದೆ ಬರೆದವರು ಊಹಿಸಿರಲಿಲ್ಲವೋ ಏನೋ. ಜಗಳಕ್ಕೆ ಹೋಗಬೇಡಿ, ಏಕೆಂದರೆ ನಾಳೆ ಅವನು ಅದೇ ತರಗತಿಯಲ್ಲಿ ಕೂರಬೇಕು. ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆದು, ಮಗ ಇಂಥ ದಿನದಿಂದ ನಿಮ್ಮ ಸೂಚನೆಯಂತೆ ಮನೆಯಲ್ಲಿದ್ದಾನೆ, ಅವನು ಮರಳಲು ಯಾವ ವ್ಯವಸ್ಥೆ ಬೇಕು ಎಂದು ಮಾತ್ರ ಕೇಳಿ. ಪ್ರತಿಯನ್ನು ಉಪಜಿಲ್ಲಾ ಶಿಕ್ಷಣಾಧಿಕಾರಿಗೂ ಸಮಗ್ರ ಶಿಕ್ಷಾದ ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೂ ಕಳುಹಿಸಿ. ಆ ಕೇಂದ್ರದಲ್ಲಿ ವಿಶೇಷ ಶಿಕ್ಷಕರಿದ್ದಾರೆ. ಅರ್ಧ ದಿನದ ಹಾಜರಿ, ಗಲಾಟೆಯಾದಾಗ ಹೋಗಿ ಕೂರಲು ಒಂದು ಶಾಂತ ಮೂಲೆ, ಕೆಲವು ಕಾಲ ಮನೆಗೇ ಬಂದು ಕಲಿಸುವುದು ಮುಂತಾದ ನಡುದಾರಿಗಳನ್ನು ಅವರು ಸೂಚಿಸಬಲ್ಲರು. ಶಿಕ್ಷಕರಿಗೆ ಮಗನ ಇಡೀ ವೈದ್ಯಕೀಯ ಕಡತವನ್ನು ಒಪ್ಪಿಸಬೇಕಾಗಿಲ್ಲ. ಫಿಟ್ಸ್ ಬಂದರೆ ಏನು ಮಾಡಬೇಕು, ಸಿಟ್ಟಿನ ಮುನ್ಸೂಚನೆಗಳು ಯಾವುವು, ಯಾರಿಗೆ ಫೋನ್ ಮಾಡಬೇಕು ಎಂಬುದು ಅರ್ಧ ಪುಟದಲ್ಲಿದ್ದರೆ ಸಾಕು. ಅವನು ಸಾಯುವ ಮಾತಾಡಿದ್ದನ್ನು ಶಾಲೆಯಲ್ಲಿ ಒಬ್ಬರೇ ಒಬ್ಬರಿಗೆ, ಅವನಿಗೆ ಇಷ್ಟವಾದ ಶಿಕ್ಷಕರಿಗೆ, ತಿಳಿಸಿ. ಸ್ಟಾಫ್ ರೂಮಿನ ಸುದ್ದಿಯಾಗಲು ಬಿಡಬೇಡಿ. ಗುಟ್ಟನ್ನು ಕಾಯ್ದುಕೊಳ್ಳುವ ಹಕ್ಕನ್ನೂ ಅದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ. ಇಲಾಖೆಗಳು ಮಾತಾಡಿಕೊಳ್ಳಲಿ ಎನ್ನುವಾಗ ಏನನ್ನು ಮಾತಾಡಬಹುದು ಎಂಬ ಗೆರೆಯನ್ನು ನೀವೇ ಎಳೆಯಬೇಕು. ಹದಿಮೂರು ವರ್ಷದ ಮಗನನ್ನೂ ಒಂದು ಮಾತು ಕೇಳಿ ಎಳೆಯಿರಿ.

ಮಂಗಳೂರಿನ ಚಿಕಿತ್ಸೆಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಪೆರ್ಲದವರಿಗೆ ಮಂಗಳೂರು ಆಸ್ಪತ್ರೆಯೂ ಹೌದು, ಭಾಷೆಯೂ ಹೌದು. ಆದರೆ 2020ರ ಮಾರ್ಚ್ ಕೊನೆಯಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ದಾರಿ ಮುಚ್ಚಿದಾಗ, ಎಲ್ಲ ಕಡತಗಳೂ ಎಲ್ಲ ಔಷಧಿಗಳೂ ಆಚೆ ಇದ್ದ ಕುಟುಂಬಗಳು ಪಟ್ಟ ಪಾಡನ್ನು ನೋಡಿದ ಮೇಲೆ ಪ್ರತಿಯೊಬ್ಬ ತಾಯಿಗೂ ನಾನು ಹೇಳುವುದೊಂದಿದೆ: ಈಚೆಯೂ ಒಂದು ಕಾಲಿರಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವು ನಿಗದಿತ ದಿನಗಳಲ್ಲಿ ಸರಕಾರಿ ಆರೋಗ್ಯ ಕೇಂದ್ರಗಳಿಗೆ ಬಂದು ಕ್ಲಿನಿಕ್ ನಡೆಸುತ್ತದೆ. ನಿಮಗೆ ಹತ್ತಿರದ ಕ್ಲಿನಿಕ್ ಎಲ್ಲಿ, ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಮಂಗಳೂರಿನ ಚೀಟಿಗಳ ಪ್ರತಿಯೊಂದಿಗೆ ಅಲ್ಲಿ ಹೆಸರು ನೋಂದಾಯಿಸಿ. ಸರಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾನಸಿಕ ಚಿಕಿತ್ಸೆಯ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು.

ಇಷ್ಟನ್ನೂ ಒಂದು ಪತ್ರಕ್ಕೆ ಇಳಿಸಬೇಕು. ಜಿಲ್ಲಾಧಿಕಾರಿಗೆ ಕನ್ನಡದಲ್ಲಿ ಎರಡು ಪುಟದ ಅರ್ಜಿ, ಶಿಶು ಸಂರಕ್ಷಣಾ ಘಟಕಕ್ಕೆ ಅದರ ಪ್ರತಿ. ಮೊದಲ ಪುಟದಲ್ಲಿ ಮಗನ ಕಥೆ ದಿನಾಂಕಗಳ ಸಹಿತ ಇರಲಿ, ಬೈಗುಳ ಬೇಡ, ಯಾವ ಕಚೇರಿಯವರು ಹೇಗೆ ಮಾತಾಡಿದರು ಎಂಬುದೂ ಬೇಡ. ಎರಡನೆಯ ಪುಟದಲ್ಲಿ ಬೇಡಿಕೆ ಎರಡೇ ಇರಲಿ. ಒಂದು, ಮಾನಸಿಕ ಆರೋಗ್ಯ ತಂಡ, ಬ್ಲಾಕ್ ಸಂಪನ್ಮೂಲ ಕೇಂದ್ರ, ಶಾಲೆ, ಸಾಮಾಜಿಕ ನ್ಯಾಯ ಇಲಾಖೆ ಮತ್ತು ಪಂಚಾಯತಿನ ಒಬ್ಬೊಬ್ಬ ಪ್ರತಿನಿಧಿಯನ್ನು ಕರೆದು ನಿಮ್ಮ ಉಪಸ್ಥಿತಿಯಲ್ಲಿ ಒಂದು ಸಭೆ. ಇನ್ನೊಂದು, ಆ ಸಭೆಯ ತೀರ್ಮಾನಗಳನ್ನು ಬೆನ್ನತ್ತಲು ಹೆಸರು ಮತ್ತು ಫೋನ್ ಸಂಖ್ಯೆಯೊಂದಿಗೆ ನೇಮಿಸಿದ ಒಬ್ಬ ಸಿಬ್ಬಂದಿ. ಹತ್ತು ಬೇಡಿಕೆಗಳಿದ್ದರೆ ಪತ್ರವನ್ನು ಹತ್ತು ಕಚೇರಿಗಳಿಗೆ ಹರಿದು ಹಂಚಿ ‘ಸೂಕ್ತ ಕ್ರಮಕ್ಕಾಗಿ’ ಎಂದು ಕಳುಹಿಸುತ್ತಾರೆ, ನೀವು ಹೊರಟಲ್ಲಿಗೇ ಮರಳುತ್ತೀರಿ. ಎರಡನೆಯ ಬೇಡಿಕೆಯನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಸಭೆ ನಡೆದು ಹೆಸರು ಗೊತ್ತಾಗದಿದ್ದರೆ ಚಹಾ ಕುಡಿದದ್ದಷ್ಟೇ ಲಾಭ. ಹೆಸರು ಗೊತ್ತಾದರೆ ಸಭೆ ತಡವಾದರೂ ನಡೆಯುತ್ತದೆ.

ಪತ್ರ ಬರೆಯಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸಹಾಯ ಪಡೆಯಬಹುದು. 1987ರ ಕಾಯ್ದೆಯಂತೆ ಮಕ್ಕಳಿಗೂ ಮಹಿಳೆಯರಿಗೂ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ನೆರವು ಇದೆ. ಅವರ ಪ್ಯಾರಾಲೀಗಲ್ ಸ್ವಯಂಸೇವಕರಲ್ಲಿ ಕನ್ನಡ ಬಲ್ಲವರನ್ನು ಕೇಳಿ ಪಡೆಯಿರಿ. ಅರ್ಜಿ ಕೊಟ್ಟ ದಿನ ಸ್ವೀಕೃತಿಯ ಮುದ್ರೆ ಇರುವ ಪ್ರತಿಯನ್ನು ಪಡೆಯದೆ ಕಲೆಕ್ಟರೇಟಿನಿಂದ ಹೊರಡಬೇಡಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಆ ಮುದ್ರೆಯ ಸಂಖ್ಯೆಯನ್ನು ನಮೂದಿಸಿ ಮಾಹಿತಿ ಹಕ್ಕಿನಲ್ಲಿ ಕಡತದ ಚಲನೆಯನ್ನು ಕೇಳಿ.

ತಂಗಿಯ ಬಗ್ಗೆ ನೀವು ಅರ್ಧ ವಾಕ್ಯ ಮಾತ್ರ ಬರೆದಿದ್ದೀರಿ. ಹೊಡೆತ ತಿನ್ನುತ್ತಿರುವ ಆ ಹುಡುಗಿಗೆ ರಾತ್ರಿ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಲು ಒಂದು ಕೋಣೆ ಇದೆಯೇ, ಅವಳೊಂದಿಗೆ ಯಾರಾದರೂ ಮಾತಾಡಿದ್ದಾರೆಯೇ ಎಂಬುದನ್ನು ದಯವಿಟ್ಟು ಇನ್ನೊಮ್ಮೆ ಬರೆಯಿರಿ. ಅರ್ಜಿಯ ಮೊದಲ ಪುಟದಲ್ಲಿ ಅವಳ ವಯಸ್ಸನ್ನೂ ತರಗತಿಯನ್ನೂ ಸೇರಿಸಿ. ಸಭೆ ಕೂಡಿದಾಗ ಅವಳ ಶಾಲೆಯ ಆಪ್ತಸಮಾಲೋಚಕರನ್ನೂ ಕರೆಯಲು ಅದೇ ಆಧಾರವಾಗುತ್ತದೆ.